ತಾಳಿದವನು ಬಾಳಿಯಾನು: ರಾನ್ ಹೇನ್ಸಿಯವರ 907 ಪಂದ್ಯಗಳು

ಕ್ರೀಡಾಲೋಕದ ಸಾಧಕರೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಶತಕ ಬಾರಿಸಿದವರು, ಪದಕ ಧರಿಸಿದವರು, ದಾಖಲೆ ಮುರಿದವರು. ಅವರ ಭಾವಚಿತ್ರಗಳು ನಮ್ಮ ಮಕ್ಕಳ ಓದುವ ಕೋಣೆಯ ಗೋಡೆಯನ್ನು ಅಲಂಕರಿಸುತ್ತವೆ. ಆದರೆ ಯಾವ ತಂಡವೂ ತಾರೆಗಳ ಬಲದಿಂದಷ್ಟೇ ನಿಲ್ಲುವುದಿಲ್ಲ. ವರುಷಗಟ್ಟಲೆ ಊರಿಂದೂರಿಗೆ ತಿರುಗಿ, ಕರೆದ ತಂಡಕ್ಕೆ ದುಡಿದು, ಪತ್ರಿಕೆಯ ಮುಖಪುಟಕ್ಕೆ ಬಾರದೆ ನಿವೃತ್ತರಾಗುವ ಆಟಗಾರರು ಪ್ರತಿಯೊಂದು ಕ್ರೀಡೆಯಲ್ಲಿಯೂ ಇದ್ದಾರೆ. ಅಂಥವರಲ್ಲೊಬ್ಬರು ಅಮೆರಿಕೆಯ ಐಸ್ ಹಾಕಿ ಆಟಗಾರ ರಾನ್ ಹೇನ್ಸಿ. ಅವರ ಬಾಳಿನ ಕಥನವನ್ನು ಈ ಸಂಚಿಕೆಯಲ್ಲಿ ನಮ್ಮ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಐಸ್ ಹಾಕಿ ನಮ್ಮ ನಾಡಿಗೆ ಹೊಸತು. ಭಾರತದಲ್ಲಿ ಲಡಾಖಿನ ಜನರು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಇದನ್ನು ಆಡುವುದುಂಟು. ಕೆನಡಾದಲ್ಲಂತೂ ಇದು ಮನೆಮನೆಯ ಆಟ. 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಅಂಗಣದಲ್ಲಿ ಪ್ರತಿ ತಂಡದಿಂದ ಏಕಕಾಲಕ್ಕೆ ಆರು ಮಂದಿ ಇಳಿಯುತ್ತಾರೆ: ಒಬ್ಬ ಗೋಲ್‌ಕೀಪರ್, ಇಬ್ಬರು ರಕ್ಷಕರು, ಮೂವರು ಮುನ್ನುಗ್ಗುವ ಆಟಗಾರರು. ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆಯೊಂದನ್ನು ಬಳಸುತ್ತಾರೆ. ಅದಕ್ಕೆ ಪಕ್ ಎಂದು ಹೆಸರು. ಮೂರು ಅಂಗುಲ ವ್ಯಾಸದ, ಸುಮಾರು 160 ಗ್ರಾಂ ತೂಕದ ಈ ಬಿಲ್ಲೆ ಬಲಿಷ್ಠ ಆಟಗಾರನ ಕೋಲಿನಿಂದ ಚಿಮ್ಮಿದರೆ ಗಂಟೆಗೆ 150 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಧಾವಿಸುತ್ತದೆ. ಅದರ ದಾರಿಗೆ ತನ್ನ ದೇಹವನ್ನೇ ಅಡ್ಡವಾಗಿ ಒಡ್ಡಬೇಕಾದವನು ರಕ್ಷಕ. ಆತ ತಡೆದ ಗೋಲು ಅಂಕಪಟ್ಟಿಯಲ್ಲಿ ದಾಖಲಾಗುವುದಿಲ್ಲ. ಆತ ತಪ್ಪಿದ ಒಂದು ಕ್ಷಣವನ್ನು ಮಾತ್ರ ಸಾವಿರಾರು ಕಣ್ಣುಗಳು ನೋಡುತ್ತವೆ. ನಮ್ಮ ಮನೆಗಳ ಅಡುಗೆಮನೆಯಲ್ಲಿ ದುಡಿಯುವ ತಾಯಂದಿರಿಗೆ ಈ ಮಾತಿನ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಹೇನ್ಸಿಯವರು 1981ರ ಮಾರ್ಚ್ 24ರಂದು ಜನಿಸಿದರು. ಅಮೆರಿಕೆಯ ಕನೆಕ್ಟಿಕಟ್ ರಾಜ್ಯದ ಬೋಲ್ಟನ್ ಅವರ ಊರು. ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್ ನಗರದ ವಿಶ್ವವಿದ್ಯಾಲಯದ ತಂಡದಲ್ಲಿ ಆಡುತ್ತಿದ್ದಾಗಲೇ ಅವರ ಪ್ರತಿಭೆ ಗುರುತಿಸಲ್ಪಟ್ಟಿತು. ನ್ಯಾಷನಲ್ ಹಾಕಿ ಲೀಗಿನ ಕ್ಲಬ್ಬುಗಳು ಪ್ರತಿ ವರುಷ ಎಳೆಯ ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. 2000ದ ಆಯ್ಕೆಯಲ್ಲಿ ಅವರನ್ನು 13ನೆಯವರಾಗಿ ಆರಿಸಿಕೊಂಡದ್ದು ಮಾಂಟ್ರಿಯಲ್ ಕೆನೇಡಿಯನ್ಸ್ ಎಂಬ ಸುಪ್ರಸಿದ್ಧ ಕ್ಲಬ್ಬು. ಹತ್ತೊಂಬತ್ತರ ತರುಣನಿಗೆ ಇದಕ್ಕಿಂತ ಶುಭಾರಂಭ ಬೇರೆ ಯಾವುದಿದ್ದೀತು?

ಆದರೆ ನಿರೀಕ್ಷೆ ಕೈಗೂಡಲಿಲ್ಲ. ಮಾಂಟ್ರಿಯಲ್ ಪರವಾಗಿ ಅವರಿಗೆ ದೊರೆತದ್ದು ಎರಡು ಋತುಗಳಲ್ಲಿ ಕೇವಲ 32 ಪಂದ್ಯಗಳು. ಉಳಿದ ಕಾಲವೆಲ್ಲ ಕೆಳದರ್ಜೆಯ ಲೀಗಿನಲ್ಲಿ ಕಳೆಯಿತು. 2004-05ರಲ್ಲಿ ಮಾಲೀಕರಿಗೂ ಆಟಗಾರರ ಸಂಘಕ್ಕೂ ಒಪ್ಪಂದವಾಗದೆ ಇಡೀ ಋತುವೇ ರದ್ದಾಯಿತು. 2005ರಲ್ಲಿ ಕ್ಲಬ್ಬು ಅವರನ್ನು ಬೇಕಾದವರು ಕೊಂಡೊಯ್ಯಲೆಂದು ಬಿಟ್ಟುಕೊಟ್ಟಿತು. ಆ ಲೀಗಿನ ನಿಯಮದಂತೆ ಹೀಗೆ ಬಿಟ್ಟ ಆಟಗಾರನನ್ನು ಬೇರೆ ಯಾವ ಕ್ಲಬ್ಬಾದರೂ ಪ್ರತಿಯಾಗಿ ಏನನ್ನೂ ಕೊಡದೆ ಪಡೆಯಬಹುದು. ಕೊಲಂಬಸ್ ಬ್ಲೂ ಜಾಕೆಟ್ಸ್ ಅವರನ್ನು ಪಡೆಯಿತು. ಆಗ ಅವರಿಗೆ 24 ವರುಷ. ಒಮ್ಮೆ ಅಗ್ರಶ್ರೇಣಿಯಲ್ಲಿ ಆಯ್ಕೆಯಾದವನನ್ನು ಹೀಗೆ ಬೆಲೆಯಿಲ್ಲದೆ ಬಿಟ್ಟುಕೊಟ್ಟಾಗ ಮನಸ್ಸು ಮುರಿಯುವುದು ಸಹಜ. ಹೇನ್ಸಿಯವರು ಮಾಡಿದ್ದಾದರೂ ಏನು? ಕೊಲಂಬಸ್ಸಿಗೆ ಹೋಗಿ ಆಡತೊಡಗಿದರು. ಆ ಋತುವಿನ ಉಳಿದ 55 ಪಂದ್ಯಗಳು, ಮುಂದಿನ ವರುಷ 80, ಅದರ ಮುಂದಿನ ವರುಷ 78. ಆಗ ಒಂದು ಋತುವಿಗೆ ಒಟ್ಟು 82 ಪಂದ್ಯಗಳಷ್ಟೇ ಇದ್ದವು ಎಂಬುದನ್ನು ನೆನೆದರೆ ಈ ಅಂಕಿಗಳ ಹಿಂದಿನ ಶಿಸ್ತು ಅರಿವಾಗುತ್ತದೆ.

2008ರಲ್ಲಿ ಅವರು ಅಟ್ಲಾಂಟಾ ಥ್ರಾಷರ್ಸ್ ಸೇರಿದರು. 2011ರಲ್ಲಿ ಆ ಕ್ಲಬ್ಬೇ ಕೆನಡಾದ ವಿನ್ನಿಪೆಗ್ ನಗರಕ್ಕೆ ಸ್ಥಳಾಂತರಗೊಂಡು ಜೆಟ್ಸ್ ಎಂಬ ಹೆಸರು ಪಡೆದಾಗ ಇವರೂ ಅಲ್ಲಿಗೆ ನಡೆದರು. 2012-13ರಲ್ಲಿ ಮತ್ತೆ ಮಾಲೀಕರು ಆಟ ನಿಲ್ಲಿಸಿದಾಗ ಆಟಗಾರರ ಪರವಾಗಿ ಸಂಧಾನಕ್ಕೆ ಕುಳಿತವರಲ್ಲಿ ಇವರೂ ಒಬ್ಬರು. 2013ರಲ್ಲಿ ಕ್ಯಾರೊಲೈನಾ ಹರಿಕೇನ್ಸ್ ತಂಡಕ್ಕೆ ಬಂದು ಅಲ್ಲಿ ಸರಿಯಾಗಿ 300 ಪಂದ್ಯಗಳನ್ನಾಡಿದರು.

ಇಲ್ಲಿ ವಿಧಿಯ ಆಟವೊಂದನ್ನು ಓದುಗರು ಗಮನಿಸಬೇಕು. ಆ ದಿನಗಳಲ್ಲಿ ಲೀಗಿನಲ್ಲಿದ್ದ 30 ತಂಡಗಳಲ್ಲಿ 16 ತಂಡಗಳು ಋತುವಿನ ಕೊನೆಗೆ ಪ್ಲೇಆಫ್ ಎಂಬ ಅಂತಿಮ ಘಟ್ಟವನ್ನು ಪ್ರವೇಶಿಸುತ್ತಿದ್ದವು. ಎಂದರೆ ಅರ್ಧಕ್ಕಿಂತ ಹೆಚ್ಚು ತಂಡಗಳಿಗೆ ಆ ಭಾಗ್ಯ. ಹೇನ್ಸಿಯವರಿಗೆ ಮಾತ್ರ ಅದು ಒದಗಲೇ ಇಲ್ಲ. ಅಟ್ಲಾಂಟಾ ತನ್ನ ಇತಿಹಾಸದಲ್ಲಿ ಒಂದೇ ಒಂದು ಬಾರಿ, 2007ರಲ್ಲಿ, ಪ್ಲೇಆಫ್ ತಲುಪಿತ್ತು. ಇವರು ಅಲ್ಲಿಗೆ ಬಂದದ್ದು ಅದರ ಮರುವರುಷ. ಇವರು ಬಿಟ್ಟುಬಂದ ಕೊಲಂಬಸ್ 2009ರಲ್ಲಿ ಮೊದಲ ಬಾರಿಗೆ ಆ ಘಟ್ಟ ತಲುಪಿತು. ಇವರು ಹೊರಟ ಎರಡು ವರುಷಕ್ಕೆ, 2015ರಲ್ಲಿ, ವಿನ್ನಿಪೆಗ್ ಕೂಡ ತಲುಪಿತು. ಕ್ಯಾರೊಲೈನಾದ ಬರಗಾಲ ನೀಗಿದ್ದು 2019ರಲ್ಲಿ, ಇವರು ಆ ಊರು ಬಿಟ್ಟ ಮೇಲೆ. ಹೋದಲ್ಲೆಲ್ಲ ಹಬ್ಬ ಮುಗಿದಿತ್ತು, ಇಲ್ಲವೆ ಇವರು ಹೊರಟ ಮೇಲೆ ಹಬ್ಬ ನಡೆಯಿತು. ಬೇರೆಯವರಾಗಿದ್ದರೆ ಹಣೆಬರಹವನ್ನು ಹಳಿಯುತ್ತ ಕೈಚೆಲ್ಲಿ ಕೂರುತ್ತಿದ್ದರೋ ಏನೋ.

2017ರ ಫೆಬ್ರವರಿ 23ರಂದು ಕ್ಯಾರೊಲೈನಾ ಅವರನ್ನು ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡಕ್ಕೆ ಕೊಟ್ಟಿತು. ಪಿಟ್ಸ್‌ಬರ್ಗ್ ಹಿಂದಿನ ವರುಷದ ಚಾಂಪಿಯನ್. ಆದರೆ ಅದರ ರಕ್ಷಣಾ ಪಡೆ ಗಾಯಾಳುಗಳಿಂದ ಸೊರಗಿತ್ತು. ತಂಡದ ಪ್ರಧಾನ ರಕ್ಷಕ ಕ್ರಿಸ್ ಲೆಟಾಂಗ್ ಕುತ್ತಿಗೆಯ ಶಸ್ತ್ರಚಿಕಿತ್ಸೆಗೊಳಗಾಗಿ ಪ್ಲೇಆಫ್‌ನಿಂದ ಪೂರ್ತಿಯಾಗಿ ಹೊರಗುಳಿದರು. ಆ ಹೊರೆಯಲ್ಲಿ ದೊಡ್ಡ ಪಾಲು 36ರ ಹೇನ್ಸಿಯವರ ಹೆಗಲೇರಿತು. ಏಪ್ರಿಲ್ 12ರಂದು ಅವರು ತಮ್ಮ ಬಾಳಿನ ಮೊದಲ ಪ್ಲೇಆಫ್ ಪಂದ್ಯಕ್ಕೆ ಅಂಗಣಕ್ಕಿಳಿದರು. ಅದಕ್ಕೆ ಮುನ್ನ ಅವರು ಆಡಿದ್ದ ಸಾಮಾನ್ಯ ಪಂದ್ಯಗಳ ಸಂಖ್ಯೆ 907. ಲೀಗಿನ ಇತಿಹಾಸದಲ್ಲಿ ಅಷ್ಟು ದೀರ್ಘಕಾಲ ಕಾದವರು ಅಂದಿನವರೆಗೆ ಯಾರೂ ಇರಲಿಲ್ಲ. ಎದುರಾಳಿ ಯಾರು? ಹನ್ನೆರಡು ವರುಷಗಳ ಹಿಂದೆ ಕೈಹಿಡಿದಿದ್ದ ಅದೇ ಕೊಲಂಬಸ್!

ಪಿಟ್ಸ್‌ಬರ್ಗ್ ಕೊಲಂಬಸ್ಸನ್ನು ಐದು ಪಂದ್ಯಗಳಲ್ಲಿ, ವಾಷಿಂಗ್ಟನ್ ಮತ್ತು ಒಟ್ಟಾವ ತಂಡಗಳನ್ನು ಏಳೇಳು ಪಂದ್ಯಗಳಲ್ಲಿ ಮಣಿಸಿತು. ಜೂನ್ 11ರಂದು ನ್ಯಾಶ್‌ವಿಲ್ ನಗರದಲ್ಲಿ ಅಂತಿಮ ಸರಣಿಯ ಆರನೆಯ ಪಂದ್ಯವನ್ನು 2-0ಯಿಂದ ಗೆದ್ದು ಸ್ಟ್ಯಾನ್ಲಿ ಕಪ್ಪನ್ನು ತನ್ನದಾಗಿಸಿಕೊಂಡಿತು. ಆ 25 ಪಂದ್ಯಗಳಲ್ಲಿ ಹೇನ್ಸಿಯವರು ಒಂದನ್ನೂ ತಪ್ಪಿಸಿಕೊಳ್ಳಲಿಲ್ಲ.

ಈ ಕಪ್ಪು 1892ರಲ್ಲಿ ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿಯವರು ನೀಡಿದ್ದು. ಗೆದ್ದ ತಂಡದವರ ಹೆಸರುಗಳನ್ನು ಅದರ ಮೈಮೇಲೆ ಕೆತ್ತಿಸುವ ಪದ್ಧತಿ ಇದೆ. ನಾಯಕ ಮೊದಲು ಅದನ್ನೆತ್ತಿ ಹಿಡಿದು, ಬಳಿಕ ತನಗೆ ಯೋಗ್ಯನೆಂದು ತೋರಿದ ಸಹ ಆಟಗಾರನ ಕೈಗೆ ನೀಡುತ್ತಾನೆ. ಆ ಮೊದಲ ಸರದಿಗೆ ದೊಡ್ಡ ಗೌರವವುಂಟು. ಜಗದ್ವಿಖ್ಯಾತ ಆಟಗಾರರಾದ ನಾಯಕ ಸಿಡ್ನಿ ಕ್ರಾಸ್ಬಿ ಅಂದು ಆರಿಸಿದ್ದು ತಂಡಕ್ಕೆ ಬಂದು ನಾಲ್ಕು ತಿಂಗಳೂ ತುಂಬದಿದ್ದ ಹೇನ್ಸಿಯವರನ್ನು! ತಂಡದಲ್ಲಿ ಹಲವು ಗೋಲು ವೀರರಿದ್ದರು. ಆದರೂ ಕಾದವನ ಬೆಲೆ ಏನೆಂದು ನಾಯಕ ಬಲ್ಲವರಾಗಿದ್ದರು.

ಕಥೆಯನ್ನು ಇಲ್ಲಿಗೇ ಮುಗಿಸಿ, ತಾಳ್ಮೆಗೆ ಫಲ ಖಂಡಿತ ಎಂದು ಹೇಳಿಬಿಡುವುದು ಸುಲಭ. ಆದರೆ ಅದು ಪೂರ್ಣ ಸತ್ಯವಾಗಲಾರದು. ಪಿಟ್ಸ್‌ಬರ್ಗಿನ ರಕ್ಷಕರು ಆ ವರುಷ ಗಾಯಗೊಳ್ಳದೆ ಇದ್ದಿದ್ದರೆ ಹೇನ್ಸಿಯವರಿಗೆ ಆ ಕರೆ ಬರುತ್ತಿರಲಿಲ್ಲವೇನೋ. ಅವರೊಡನೆ ಕ್ಯಾರೊಲೈನಾದಲ್ಲಿ ಆಡಿದ್ದ ಜೆಫ್ ಸ್ಕಿನ್ನರ್ ಎಂಬವರು 2025ರಲ್ಲಿ 1,078 ಪಂದ್ಯಗಳ ಬಳಿಕವಷ್ಟೇ ಪ್ಲೇಆಫ್ ಕಂಡು ಆ ದಾಖಲೆಯನ್ನೂ ಮೀರಿದರು. ಕಪ್ಪನ್ನು ಮುಟ್ಟದೆಯೇ ಆಟ ಮುಗಿಸಿದ ಸಮರ್ಥರು ಎಷ್ಟೋ ಮಂದಿ. ಹಾಗಾದರೆ ಕಪ್ಪು ದೊರೆಯದೆ ಹೋಗಿದ್ದರೆ ಆ 907 ಪಂದ್ಯಗಳು ವ್ಯರ್ಥವಾಗುತ್ತಿದ್ದವೇ? ಈ ಪ್ರಶ್ನೆಯನ್ನು ನಾವು ನಮ್ಮ ಮನೆಗಳಲ್ಲಿ ಕೇಳಿಕೊಳ್ಳುವುದು ಒಳಿತು.

ವ್ಯರ್ಥವಾಗುತ್ತಿರಲಿಲ್ಲ ಎಂಬುದೇ ನಮ್ಮ ಅಭಿಪ್ರಾಯ. ಇದಕ್ಕೆ ಸಾಕ್ಷಿ ಕಪ್ಪು ದೊರೆತ ಮೇಲಿನ ಅವರ ನಡೆ. ಗೆದ್ದೆನೆಂದು ಅವರು ಆಟ ನಿಲ್ಲಿಸಲಿಲ್ಲ. ಅದೇ ವರುಷ ಟೊರೊಂಟೊ ತಂಡಕ್ಕೆ ಹೋಗಿ ಎರಡು ಋತುಗಳಲ್ಲಿ 161 ಪಂದ್ಯಗಳನ್ನಾಡಿ, ಆ ನಡುವೆ ಸಾವಿರದ ಗಡಿ ದಾಟಿದರು. 2019-20ರಲ್ಲಿ ಒಟ್ಟಾವ ಪರ ಇನ್ನೂ 64 ಪಂದ್ಯ ಆಡಿ 1,132ರಲ್ಲಿ ಮುಗಿಸಿದರು. ಅಷ್ಟು ಪಂದ್ಯಗಳಲ್ಲಿ ಅವರ ಸ್ವಂತ ಗೋಲುಗಳು ಅರವತ್ತರ ಆಸುಪಾಸಿನಲ್ಲಷ್ಟೇ. ನಿವೃತ್ತಿಯ ನಂತರ ಆಟಗಾರರ ಸಂಘದ ಕಾರ್ಯಕ್ಕೆ ತೊಡಗಿದರು. ಕಪ್ಪಿಗೆ ಮೊದಲು ಹೇಗೆ ದುಡಿದರೋ ಅನಂತರವೂ ಹಾಗೆಯೇ ದುಡಿದರು. ದುಡಿಮೆಯನ್ನು ಬಹುಮಾನಕ್ಕೆ ಕಟ್ಟಿಹಾಕದವನಿಗೆ ಮಾತ್ರ ಇದು ಸಾಧ್ಯ.

ಪರೀಕ್ಷೆಯ ಫಲಿತಾಂಶ ಬರುವ ತಿಂಗಳುಗಳಲ್ಲಿ ನಮ್ಮ ಅನೇಕ ಮನೆಗಳಲ್ಲಿ ಒಂದು ಬಗೆಯ ಮೌನ ಕವಿಯುತ್ತದೆ. ಮೊದಲ ಸಾಲಿನ ಅಂಕ ಬಾರದ ಮಗ, ಬಯಸಿದ ಕಾಲೇಜು ಸಿಗದ ಮಗಳು, ಹತ್ತು ವರುಷ ದುಡಿದರೂ ಬಡ್ತಿ ಕಾಣದ ಯಜಮಾನರು ತಮ್ಮ ಬಾಳೇ ಸೋತಿತೆಂದು ಕೊರಗುತ್ತಾರೆ. ಹಿರಿಯರಾದ ನಾವು ಅಂಥ ಹೊತ್ತಿನಲ್ಲಿ ಆಡುವ ಒಂದೊಂದು ಮಾತಿಗೂ ತೂಕವಿದೆ. ಪಕ್ಕದ ಮನೆಯ ಮಗುವಿನೊಡನೆ ಹೋಲಿಸಿ ಆಡುವ ಮಾತು ಎಳೆಯ ಮನಸ್ಸನ್ನು ಬಹುಕಾಲ ಚುಚ್ಚುತ್ತದೆ. ಅದರ ಬದಲು 24ರ ಹರೆಯದಲ್ಲಿ ಯಾರಿಗೂ ಬೇಡವಾಗಿ ಕೊಲಂಬಸ್ಸಿಗೆ ಹೊರಟ ಈ ಆಟಗಾರರ ಕಥೆಯನ್ನು ಊಟದ ಹೊತ್ತಿಗೆ ಮಕ್ಕಳಿಗೆ ಹೇಳಬಹುದು. ಕಪ್ಪಿನ ಭಾಗವನ್ನು ಕೊನೆಗಿಟ್ಟು, ಮರುದಿನ ಮತ್ತೆ ಅಂಗಣಕ್ಕಿಳಿದ ಭಾಗವನ್ನು ಮೊದಲು ಹೇಳಿದರೆ ಮಕ್ಕಳ ಮನಸ್ಸಿಗೆ ಹೆಚ್ಚು ಬಲ ಬಂದೀತೆಂದು ನಾವು ನಂಬಿದ್ದೇವೆ.