ಶೇಕಡಾ ಯಾವುದರ ಮೇಲೆ?

ಅಳತೆ ಮತ್ತು ತೂಕದಲ್ಲಿ ಕಡಿತ ಮಾಡುವವರನ್ನು ಎಚ್ಚರಿಸುತ್ತಲೇ ಪವಿತ್ರ ಕುರ್‌ಆನಿನ 83ನೇ ಅಧ್ಯಾಯ ಅಲ್-ಮುತಫ್ಫಿಫೀನ್ ಆರಂಭವಾಗುತ್ತದೆ. ತಕ್ಕಡಿ ಸರಿಯಿದ್ದರೂ ಲೆಕ್ಕ ತಪ್ಪಿದರೆ ಗಿರಾಕಿಯ ಹಕ್ಕು ಕಡಿಮೆಯಾಗುತ್ತದೆ. ಕೆಲವೊಮ್ಮೆ ವ್ಯಾಪಾರಿಯ ಅಸಲೇ ಕರಗುತ್ತದೆ. ಲಾಭ, ನಷ್ಟ, ಸೋಡಿಯ ಲೆಕ್ಕವನ್ನು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಆದರೂ ಅನೇಕರು ಎಡವುವುದು ಒಂದೇ ಕಡೆ: ಶೇಕಡಾ ಯಾವ ಮೊತ್ತದ ಮೇಲೆ?

ನೆನಪಿಡಬೇಕಾದದ್ದು ಎರಡೇ. ಲಾಭ-ನಷ್ಟದ ಶೇಕಡಾ ಅಸಲು ಬೆಲೆಯ ಮೇಲೆ. ಸೋಡಿಯ ಶೇಕಡಾ ಚೀಟಿಯಲ್ಲಿ ನಮೂದಿಸಿದ ಬೆಲೆಯ ಮೇಲೆ.

ಒಂದು ಬಟ್ಟೆಯನ್ನು 480 ರೂಪಾಯಿಗೆ ಕೊಂಡು, ಸಾಗಾಟಕ್ಕೆ 20 ರೂಪಾಯಿ ಕೊಟ್ಟಿರಿ ಎನ್ನೋಣ. ಅಸಲು 500. ಅದನ್ನು 600ಕ್ಕೆ ಮಾರಿದರೆ ಲಾಭ 100. ಇದನ್ನು 500ರಿಂದ ಭಾಗಿಸಿ 100ರಿಂದ ಗುಣಿಸಿ: ಶೇ. 20. ಸಾಗಾಟದ ಖರ್ಚು ಬಿಟ್ಟರೆ ಶೇ. 25 ಎಂದು ಕಾಣುತ್ತದೆ. ಆ ಐದು ಬರೀ ಭ್ರಮೆ.

ಈಗ ಅದೇ ಬಟ್ಟೆಗೆ 600ರ ಚೀಟಿ ಅಂಟಿಸಿ, ಹಬ್ಬಕ್ಕೆಂದು ಶೇ. 20 ಸೋಡಿ ಕೊಡುತ್ತೀರಿ. ಏರಿಸಿದ್ದೂ 20, ಇಳಿಸಿದ್ದೂ 20, ಸಮವಾಯಿತು ಎನಿಸುತ್ತದೆ. ಆದರೆ 600ರ ಶೇ. 20 ಎಂದರೆ 120. ಕೈಗೆ ಬರುವುದು 480. ನಷ್ಟ 20 ರೂಪಾಯಿ, ಅಂದರೆ ಶೇ. 4.

ಶೇ. 20 ಸೋಡಿ ಕೊಟ್ಟೂ ಶೇ. 20 ಲಾಭ ಬೇಕಾದರೆ ಹಿಂದಿನಿಂದ ಲೆಕ್ಕ ಹಾಕಿ. ಕೈಗೆ ಬರಬೇಕಾದದ್ದು 600. ಗಿರಾಕಿ ಕೊಡುವುದು ಚೀಟಿಯ ಬೆಲೆಯ ಶೇ. 80 ಮಾತ್ರ. ಆದ್ದರಿಂದ 600ನ್ನು 80ರಿಂದ ಭಾಗಿಸಿ 100ರಿಂದ ಗುಣಿಸಿದರೆ 750. ಅದೇ ಚೀಟಿಯ ಬೆಲೆ.

ಗಿರಾಕಿಗಳೂ ಒಂದು ವಿಷಯ ಗಮನಿಸಿ. ‘ಶೇ. 20, ಅದರ ಮೇಲೆ ಇನ್ನೂ ಶೇ. 10’ ಎಂದರೆ ಶೇ. 30 ಅಲ್ಲ. 1000 ಮೊದಲು 800 ಆಗುತ್ತದೆ. ಎರಡನೆಯ ಸೋಡಿ ಆ 800ರ ಮೇಲೆ. ಕೊಡಬೇಕಾದದ್ದು 720, ಒಟ್ಟು ಸೋಡಿ ಶೇ. 28. ಇದನ್ನು ಶೇ. 30 ಎಂದು ಕೂಗಿ ಹೇಳುವ ಅಂಗಡಿಯವನು ಸಾವಿರಕ್ಕೆ 20 ರೂಪಾಯಿ ಕಡಿತ ಮಾಡಿದಂತೆಯೇ.

ಅಸಲು ಮತ್ತು ಲಾಭ ಎರಡನ್ನೂ ತಿಳಿಸಿ ಮಾರುವುದಕ್ಕೆ ಫಿಕ್ಹ್‌ನಲ್ಲಿ ಮುರಾಬಹ ಎನ್ನುತ್ತಾರೆ. ಸಾಗಾಟದ ಖರ್ಚು ಸೇರಿಸಿದ್ದರೆ ‘ಇಷ್ಟಕ್ಕೆ ಕೊಂಡೆ’ ಎನ್ನದೆ, ‘ನನಗೆ ಇಷ್ಟು ಬಿತ್ತು’ ಎನ್ನಬೇಕೆಂದು ಹನಫಿ ವಿದ್ವಾಂಸರು ಬರೆದಿದ್ದಾರೆ. ನಮ್ಮ ಬಟ್ಟೆಯನ್ನೇ ನೋಡಿ: ‘500ಕ್ಕೆ ಕೊಂಡೆ’ ಎಂದರೆ ಸುಳ್ಳು, ‘500 ಬಿತ್ತು’ ಎಂದರೆ ಸತ್ಯ. ಮೊತ್ತ ಒಂದೇ, ಮಾತು ಬೇರೆ.

ಸಹೋದರರೇ, ಲಾಭ ಮಾಡುವುದು ಹಲಾಲ್. ಸೋಡಿಯ ಫಲಕ ತೂಗುಹಾಕುವ ಮೊದಲು ಕಾಗದ, ಪೆನ್ನು ಹಿಡಿದು ಒಮ್ಮೆ ಲೆಕ್ಕ ಹಾಕಿ. ಮನೆಯ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಗಣಿತವೂ ಅಮಾನತ್ತೂ ಒಟ್ಟಿಗೆ ಕಲಿಯಲಿ.