ಚಿತ್ರಪಟದಿಂದ ಕಡಲಿಗೆ

ಕಲೆಯ ಮಾತು ಬಂದಾಗಲೆಲ್ಲ ನಮ್ಮ ವಿಮರ್ಶಕರು ಒಂದು ಗೆರೆಯನ್ನು ಎಳೆಯುತ್ತಾರೆ. ಒಳಗಿನ ಒತ್ತಡದಿಂದ ಹುಟ್ಟಿದ್ದು ಕಲೆ. ಯಾರೋ ಹೇಳಿ, ಹಣ ಕೊಟ್ಟು ಮಾಡಿಸಿದ್ದು ಬರಿಯ ಕಸುಬು. ತರಗತಿಯಲ್ಲಿ ನಾನೂ ಈ ಮಾತನ್ನು ಎಷ್ಟೋ ಸಲ ಆಡಿದ್ದುಂಟು. ಆದರೆ ನಮ್ಮ ಆಡುನುಡಿ ಈ ವಿಚಾರದಲ್ಲಿ ವಿಮರ್ಶಕರ ಪಕ್ಷವನ್ನು ಹಿಡಿದಿಲ್ಲ. ಒಂದು ವಸ್ತು ತನ್ನ ಜಾಗಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಪ್ಪಿದರೆ, 'ಹೇಳಿ ಮಾಡಿಸಿದ ಹಾಗಿದೆ' ಎಂದೇ ನಾವು ಮೆಚ್ಚುತ್ತೇವೆ. ಹವಾಯಿ ದ್ವೀಪಗಳ ಚಿತ್ರಕಾರ ಹರ್ಬ್ ಕವೈನುಯಿ ಕಾನೆಯವರ ಬದುಕನ್ನು ಓದಿದಾಗ ಆಡುನುಡಿಯೇ ಸರಿಯೆಂದು ನನಗೆ ತೋರಿತು. ಅವರು ಬಾಳಿನುದ್ದಕ್ಕೂ ಬಹುಮಟ್ಟಿಗೆ ಇತರರು ಕೇಳಿದ್ದನ್ನು ಬರೆದುಕೊಟ್ಟವರು.

ಕಾನೆಯವರು ಹುಟ್ಟಿದ್ದು ೧೯೨೮ರಲ್ಲಿ. ಹವಾಯಿಯಲ್ಲಲ್ಲ, ಅಲ್ಲಿಗೆ ಸಾವಿರಾರು ಮೈಲಿ ದೂರದ ಮಿನೆಸೋಟ ಸಂಸ್ಥಾನದಲ್ಲಿ. ತಂದೆಯ ಕಡೆಯಿಂದ ಹವಾಯಿಯ ಮತ್ತು ಚೀನದ ರಕ್ತ, ತಾಯಿಯ ಕಡೆಯಿಂದ ಡೇನರ ರಕ್ತ. ಬಾಲ್ಯವೂ ಹಾಗೆಯೇ ಪಾಲಾಗಿತ್ತು. ಒಂದು ಪಾಲು ವಿಸ್ಕಾನ್ಸಿನ್ನಿನ ಹಿಮದಲ್ಲಿ ಕಳೆದರೆ, ಇನ್ನೊಂದು ಹವಾಯಿಯ ದೊಡ್ಡ ದ್ವೀಪದ ಹೀಲೋ ಪಟ್ಟಣದಲ್ಲಿಯೂ ವೈಪಿಓ ಎಂಬ ಕಣಿವೆಯಲ್ಲಿಯೂ ಕಳೆಯಿತು. ಕಡಿದಾದ ಬೆಟ್ಟಗಳ ನಡುವೆ ಕಡಲಿಗೆ ತೆರೆದುಕೊಂಡ ಆ ಕಣಿವೆ ಹಿಂದೆ ಅರಸರ ನೆಲೆಯಾಗಿದ್ದಿತು. ಅಲ್ಲಿನ ಬೆಳೆ ಕೆಸು. ನಮ್ಮವರು ಎಲೆಯನ್ನು ಪತ್ರೊಡೆಗೆ ಬಳಸುವ ಅದೇ ಕೆಸು. ಅಲ್ಲಿಯವರು ಅದರ ಗೆಡ್ಡೆಯನ್ನು ಬೇಯಿಸಿ ಅರೆದು ಉಣ್ಣುತ್ತಾರೆ. ಆ 'ಪೋಯಿ'ಯೇ ಅವರಿಗೆ ಅನ್ನ. ೧೯೪೬ರ ಏಪ್ರಿಲ್ ೧ರಂದು ಎದ್ದ ಕಡಲಿನ ಮಹಾತರಂಗ ಕಣಿವೆಯನ್ನು ಬಡಿದು ಹೋದ ಮೇಲೆ ಒಕ್ಕಲುಗಳು ಬಹುಪಾಲು ಅದನ್ನು ತೊರೆದುವು. ಹುಡುಗನು ಕಂಡ ಊರು ಅವನು ಬೆಳೆಯುವಷ್ಟರಲ್ಲಿಯೇ ನೆನಪಾಯಿತು.

ಊರಿಗಿಂತ ಮೊದಲೇ ಹೋಗಿದ್ದುದು ಇನ್ನೂ ಬಹಳ. ೧೮೯೩ರಲ್ಲಿ ಹವಾಯಿಯ ರಾಣಿಯನ್ನು ಸಿಂಹಾಸನದಿಂದ ಇಳಿಸಿದರು. ೧೮೯೬ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನ ಮಾಧ್ಯಮವನ್ನಾಗಿ ಮಾಡಿತು. ೧೮೯೮ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿದುವು. ಕಾನೆಯವರ ತಲೆಮಾರಿಗೆ ದಕ್ಕಿದ್ದು ಮನೆಯ ಹಿರಿಯರ ಬಾಯಲ್ಲಿ ಉಳಿದಿದ್ದ ಕಥೆಗಳು ಮಾತ್ರ ಎಂದರೆ ಹೆಚ್ಚು ತಪ್ಪಾಗಲಾರದು.

ನೌಕಾದಳದ ಸೇವೆಯ ಬಳಿಕ ಅವರು ಷಿಕಾಗೋ ನಗರದಲ್ಲಿ ಚಿತ್ರಕಲೆಯನ್ನು ಕಲಿತು, ೧೯೫೩ರಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದು, ಜಾಹೀರಾತುಗಳಿಗೆ ಚಿತ್ರ ಬರೆಯುವ ಉದ್ಯೋಗಕ್ಕೆ ನಿಂತರು. ಡಬ್ಬಿಯಲ್ಲಿ ತುಂಬಿದ ಬಟಾಣಿಯನ್ನು ಮಾರುವುದಕ್ಕೆ ಹಸುರು ಮೈಯ ದೈತ್ಯನೊಬ್ಬನನ್ನು ಬರೆದು ಬರೆದು ಅವರಿಗೆ ಸಾಕಾಯಿತು. ಬಿಡುವಿನಲ್ಲಿ ಮಿಷಿಗನ್ ಸರೋವರದ ಮೇಲೆ ಎರಡು ಒಡಲಿನ ಹಾಯಿದೋಣಿಯನ್ನು ನಡೆಸುತ್ತಿದ್ದರು. ಇಂಗ್ಲಿಷಿನಲ್ಲಿ ಇದಕ್ಕೆ ಕಟಮರಾನ್ ಎನ್ನುತ್ತಾರೆ. ಶಬ್ದ ತಮಿಳಿನ ಕಟ್ಟುಮರದಿಂದ ಹೋದದ್ದು. ಆದರೆ ಜೋಡಿ ಒಡಲಿನ ದೋಣಿಯನ್ನು ಮಹಾಸಾಗರಕ್ಕೆ ಒಗ್ಗಿಸಿದವರು ಪಾಲಿನೇಷ್ಯದವರು, ಅಂದರೆ ಅವರ ಸ್ವಂತ ಹಿರಿಯರು.

ಆ ದೋಣಿಗಳು ಹೇಗಿದ್ದುವು? ನೋಡೋಣವೆಂದರೆ ಒಂದೂ ಉಳಿದಿರಲಿಲ್ಲ. ಕ್ಯಾಪ್ಟನ್ ಕುಕ್ಕನ ಮೂರನೆಯ ಯಾನದಲ್ಲಿ ಬಂದಿದ್ದ ಜಾನ್ ವೆಬ್ಬರ್ ಎಂಬ ಚಿತ್ರಕಾರನ ರೇಖಾಚಿತ್ರದಲ್ಲಿ ಏಡಿಯ ಇಕ್ಕಳದಂತೆ ಬಾಗಿದ ಹಾಯಿಯ ಜೋಡಿದೋಣಿಯಿದೆ. ಸೋರೆಬುರುಡೆಯ ಮುಖವಾಡ ತೊಟ್ಟ ಹುಟ್ಟುಗಾರರಿದ್ದಾರೆ. ಇಂತಹ ಹಳೆಯ ಚಿತ್ರಗಳು, ಗ್ರಂಥಗಳು, ಮ್ಯೂಸಿಯಮ್ಮಿನ ಬಿಡಿ ತುಂಡುಗಳು, ಇವುಗಳಿಂದ ಕಾನೆಯವರು ಒಂದೊಂದಾಗಿ ದೋಣಿಗಳನ್ನು ಮರಳಿ ಕಟ್ಟಿದರು, ಬಣ್ಣದಲ್ಲಿ. ಕಳೆದುಹೋದ ಹಸ್ತಪ್ರತಿಯ ಪಾಠವನ್ನು ಉಳಿದ ಓಲೆಗಳಿಂದ ಹೊಂದಿಸುವ ಸಂಪಾದಕನ ಕೆಲಸವಿದು. ಹವಾಯಿ ಸರ್ಕಾರದ ಸಂಸ್ಕೃತಿ ಮತ್ತು ಕಲಾ ಪ್ರತಿಷ್ಠಾನ ಇವುಗಳಲ್ಲಿ ೧೪ ಚಿತ್ರಗಳನ್ನು ಕೊಂಡಿತು. ಕಾನೆಯವರು ಷಿಕಾಗೋವನ್ನು ಬಿಟ್ಟು ದ್ವೀಪಕ್ಕೆ ಮರಳಿದರು.

ಆಮೇಲೆ ಹೋಟೆಲುಗಳು, ಮ್ಯೂಸಿಯಮ್ಮುಗಳು, 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆ, ಎಲ್ಲರೂ ಅವರಿಂದ ಬರೆಯಿಸಿದರು. ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಆ ಚಿತ್ರಗಳಲ್ಲಿ ಕೆಲವು ನನಗೆ ಕ್ಯಾಲೆಂಡರಿನ ನೆನಪನ್ನು ತರುತ್ತವೆ. ಆಕಾಶ ಬೇಕಾದುದಕ್ಕಿಂತ ಕೆಂಪು, ವೀರರ ತೋಳು ಬೇಕಾದುದಕ್ಕಿಂತ ದಪ್ಪ. ಆದರೆ ಆಕಾಶವನ್ನು ಬಿಟ್ಟು ದೋಣಿಯ ಅಡ್ಡಮರವನ್ನು ಒಡಲಿಗೆ ಬಿಗಿದ ಹಗ್ಗವನ್ನು ನೋಡಬೇಕು. ಕಟ್ಟು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯಬೇಕೆಂಬುದನ್ನು ಆ ಕುಂಚ ಬಲ್ಲದು. ಹಣ ಕೊಟ್ಟವರು ಕೇಳಿದ್ದು ಅಲಂಕಾರವನ್ನು. ಚಿತ್ರಕಾರ ಅದರ ಜೊತೆಯಲ್ಲಿ ಮನೆತನದ ಆಸ್ತಿಯ ಪಟ್ಟಿಯನ್ನೂ ಸೇರಿಸಿ ಕೊಟ್ಟರು.

ಇದರಲ್ಲಿ ಪಣಕ್ಕಿದ್ದುದು ಚಿಕ್ಕದಲ್ಲ. ೧೯೪೭ರಲ್ಲಿ ಥಾರ್ ಹೈಯರ್‌ಡಾಲ್ ತೆಪ್ಪದ ಮೇಲೆ ತೇಲಿ ಬಂದು, ಪಾಲಿನೇಷ್ಯಕ್ಕೆ ಮೊದಲ ಜನ ದಕ್ಷಿಣ ಅಮೆರಿಕದಿಂದ ಬಂದಿರಬೇಕೆಂದರು. ಮುಂದಿನ ದಶಕದಲ್ಲಿ ಆಂಡ್ರೂ ಷಾರ್ಪ್ ಎಂಬ ವಿದ್ವಾಂಸರು, ಆ ಜನ ದೂರದ ದ್ವೀಪಗಳನ್ನು ಗುರಿಯಿಟ್ಟು ಸೇರಿದವರಲ್ಲ, ದಾರಿತಪ್ಪಿ ಗಾಳಿಗೆ ಸಿಕ್ಕಿ ಸೇರಿದವರು ಎಂದು ವಾದಿಸಿದರು. ನಿನ್ನ ಮುತ್ತಜ್ಜ ಈ ಮನೆಗೆ ಬಂದದ್ದೇ ಆಕಸ್ಮಿಕ ಎಂದರೆ ಯಾರು ತಾನೆ ಸುಮ್ಮನಿದ್ದಾರು? ೧೯೭೩ರಲ್ಲಿ ಕಾನೆ, ಮಾನವಶಾಸ್ತ್ರಜ್ಞ ಬೆನ್ ಫಿನ್ನಿ, ಟಾಮಿ ಹೋಮ್ಸ್ ಈ ಮೂವರು ಪಾಲಿನೇಷ್ಯ ಯಾನ ಸಂಘವನ್ನು ಸ್ಥಾಪಿಸಿದರು. ದೋಣಿ ಕಟ್ಟಿ, ಉಪಕರಣವಿಲ್ಲದೆ ಟಹೀಟಿಗೆ ಹೋಗಿ ತೋರಿಸುವುದೆಂದು ನಿಶ್ಚಯವಾಯಿತು. ನಕ್ಷೆಯ ಭಾರ ಕಾನೆಯವರದು. ಈ ಬಾರಿ ಹೇಳಿದವರಲ್ಲಿಯೂ ಅವರಿದ್ದರು, ಮಾಡಿದವರಲ್ಲಿಯೂ ಅವರಿದ್ದರು.

ಚಿತ್ರದ ದೋಣಿ ಗೋಡೆಯ ಮೇಲೆ ಮುಳುಗುವುದಿಲ್ಲ. ಇದು ಹಾಗಲ್ಲ. ೬೨ ಅಡಿ ಉದ್ದದ ಎರಡು ಒಡಲು, ಎರಡು ಕೂವೆಮರ, ಏಡಿಯ ಇಕ್ಕಳದ ಹಾಯಿ. ಒಡಲಿಗೆ ಪ್ಲೈವುಡ್ ಮತ್ತು ಫೈಬರ್‌ಗ್ಲಾಸನ್ನು ಬಳಸಿದರು. ರೂಪ ಮಾತ್ರ ಹಿಂದಿನದು. ಹೆಸರಿನದು ಬೇರೆ ಕಥೆ. ನಕ್ಷತ್ರಗಳ ಯೋಚನೆಯಲ್ಲಿಯೇ ನಿದ್ದೆಹೋದ ಕಾನೆಯವರಿಗೆ ಕನಸಿನಲ್ಲಿ ಒಂದು ತಾರೆ ಬೆಳಗುತ್ತ ಬೆಳಗುತ್ತ ದೊಡ್ಡದಾಯಿತಂತೆ. ಎಚ್ಚತ್ತು ಅದರ ಹೆಸರನ್ನು ಬರೆದಿಟ್ಟರು: ಹೋಕೂಲೆಅ, ಆನಂದದ ತಾರೆ. ನಾವು ಸ್ವಾತಿ ಎನ್ನುವ ನಕ್ಷತ್ರವೇ ಅದು. ನಮ್ಮ ಕವಿಗಳು ಸ್ವಾತಿಯ ಹನಿಯಿಂದ ಮುತ್ತು ಮಾಡಿದರು. ಅಲ್ಲಿಯ ನಾವಿಕನಿಗೆ ಅದು ಮನೆಯ ಗುರುತು. ಸ್ವಾತಿ ನೆತ್ತಿಯ ನೇರಕ್ಕೆ ಬಂದಿತೆಂದರೆ ಹವಾಯಿಯ ಅಕ್ಷಾಂಶವನ್ನು ಮುಟ್ಟಿದಂತೆ.

೧೯೭೫ರ ಮಾರ್ಚ್ ೮ರಂದು ದೋಣಿ ನೀರಿಗಿಳಿಯಿತು. ದ್ವೀಪದಿಂದ ದ್ವೀಪಕ್ಕೆ ಅದನ್ನು ನಡೆಸಿ ಜನರನ್ನು ಪಳಗಿಸಿದ ಮೊದಲ ನಾಯಕ ಚಿತ್ರಕಾರನೇ. ಕಾಲುವೆಯ ಬಳಿ ದೋಣಿ ಹುಟ್ಟುಹಾಕುತ್ತಿದ್ದ ನೈನೋವ ಥಾಂಪ್ಸನ್ ಎಂಬ ತರುಣನನ್ನು ಮನೆಗೆ ಕರೆದು ಚಿತ್ರಗಳನ್ನು ತೋರಿಸಿ, ಹಿರಿಯರು ಬಂದ ದಾರಿಯನ್ನು ವಿವರಿಸಿದವರೂ ಅವರೇ. ೧೯೭೬ರ ಮೇ ೧ರಂದು ಮಾವುಯಿ ದ್ವೀಪದಿಂದ ಹೊರಟ ಹೋಕೂಲೆಅ ಸುಮಾರು ೨,೫೦೦ ಮೈಲಿಗಳನ್ನು ದಾಟಿ ಜೂನ್ ೪ರಂದು ಟಹೀಟಿಯ ಪಪೀಟೆಯನ್ನು ಸೇರಿತು. ಹವಾಯಿಯಲ್ಲಿ ದಾರಿ ಬಲ್ಲವರು ಉಳಿದಿರದ ಕಾರಣ ಮೈಕ್ರೋನೇಷ್ಯದ ಸತವಾಲ್ ದ್ವೀಪದ ಮಾವ್ ಪಿಯೈಲುಗ್ ನಕ್ಷತ್ರ ಮತ್ತು ಅಲೆಗಳನ್ನು ನೋಡಿ ದಾರಿ ತೋರಿದರು. ದಡದಲ್ಲಿ ಸುಮಾರು ೧೭,೦೦೦ ಜನ ಕಾದಿದ್ದರು. ದೋಣಿಯೇರಿದ ಮಕ್ಕಳ ಭಾರಕ್ಕೆ ಅದರ ಹಿಂಭಾಗ ನೀರಿನಲ್ಲಿ ಕುಸಿಯಿತು. ಆ ಯಾನದಲ್ಲಿ ಕಾನೆಯವರು ಇರಲಿಲ್ಲ.

೧೯೭೮ರ ಮಾರ್ಚಿಯಲ್ಲಿ ಎರಡನೆಯ ಬಾರಿ ಹೊರಟಾಗ ಬಿರುಗಾಳಿಯ ರಾತ್ರಿ ದೋಣಿ ಮಗುಚಿತು. ಎಡ್ಡಿ ಐಕಾವು ಎಂಬ ಈಜುಗಾರ ಸಹಾಯವನ್ನು ತರಲೆಂದು ಅಲೆಹಲಗೆಯ ಮೇಲೆ ಹೊರಟವನು ಮರಳಲೇ ಇಲ್ಲ, ಉಳಿದವರೆಲ್ಲ ಬದುಕಿದರು. ಗೆರೆಯೆಳೆದ ಕೈಗೆ ಆ ಸುದ್ದಿ ಹೇಗಾಗಿರಬೇಕು! ೧೯೮೦ರಲ್ಲಿ ಥಾಂಪ್ಸನ್ ಉಪಕರಣಗಳಿಲ್ಲದೆ ಅದೇ ದೋಣಿಯನ್ನು ಟಹೀಟಿಗೆ ಒಯ್ದು ಹಿಂದಕ್ಕೆ ತಂದರು.

ಕಾನೆಯವರ ಎರಡು ಅಂಚೆಚೀಟಿಗಳ ಮಾತನ್ನು ಹೇಳದಿದ್ದರೆ ಲೇಖನ ಊನವಾದೀತು. ೧೯೫೯ರಲ್ಲಿ ಹವಾಯಿ ಅಮೆರಿಕದ ೫೦ನೆಯ ರಾಜ್ಯವಾಯಿತು. ಆ ಘಟನೆಯ ೨೫ನೆಯ ವರ್ಷಕ್ಕೆ, ೧೯೮೪ರಲ್ಲಿ, ಮತ್ತು ೫೦ನೆಯ ವರ್ಷಕ್ಕೆ, ೨೦೦೯ರಲ್ಲಿ, ಅಮೆರಿಕದ ಅಂಚೆ ಇಲಾಖೆ ಚಿತ್ರ ಬರೆಯಿಸಿದ್ದು ಅವರಿಂದಲೇ. ಎಲ್ಲ ಹವಾಯಿಯರಿಗೂ ಅದು ಹಬ್ಬದ ನೆನಪಲ್ಲ. ಮೊದಲನೆಯ ಚೀಟಿಯಲ್ಲಿ ಅವರು ಪಾಲಿನೇಷ್ಯದ ಹಾಯಿದೋಣಿ, ಹಾರುವ ಗೊರವದ ಜಾತಿಯ ಹಕ್ಕಿ, ಮೌನ ಲೋವ ಪರ್ವತ, ಇವನ್ನು ಬರೆದರು. ಎರಡನೆಯದರಲ್ಲಿ ಅಲೆಯೇರಿದವನೊಬ್ಬ, ದೋಣಿ ಹಾಕುವವರಿಬ್ಬರು. ಕೇಳಿದ್ದು ರಾಜ್ಯೋತ್ಸವದ ಚಿತ್ರ; ಕೊಟ್ಟದ್ದು ಕಡಲು.

ಅವರು ತೀರಿಕೊಂಡದ್ದು ೨೦೧೧ರ ಮಾರ್ಚ್ ೮ರಂದು, ಹೋಕೂಲೆಅ ನೀರಿಗಿಳಿದ ದಿನದಿಂದ ಸರಿಯಾಗಿ ೩೬ ವರ್ಷಕ್ಕೆ. ದೋಣಿ ೨೦೧೪ರಲ್ಲಿ ಭೂಪ್ರದಕ್ಷಿಣೆಗೆ ಹೊರಟು, ೨೦೧೭ರ ಜೂನ್‌ನಲ್ಲಿ ಹೊನೊಲುಲುವಿಗೆ ಹಿಂದಿರುಗಿತು.