ಬಾನೆಟ್ಟಿನ ಕೆಳಗೆ ಎರಡು ಅಂಬಾಸಡರ್

ಜೀವನ್ ಬಿಮಾ ನಗರದ ಎಲ್‌ಐಸಿ ಮನೆಗಳ ಸಾಲಿನ ಹಿಂದೆ, ಹೊಂಗೆ ಮರದ ಕೆಳಗೆ ನಿಂತಿದ್ದ ಬಿಳಿ ಅಂಬಾಸಡರನ್ನು ಎರಡು ವರ್ಷದಿಂದ ನೋಡುತ್ತಿದ್ದೆ. ಹೊಂಗೆ ಹೂವು ಉದುರಿ ಒಣಗಿ ವೈಪರ್ ಬುಡದಲ್ಲಿ ಗುಪ್ಪೆಯಾಗಿರುತ್ತಿತ್ತು. ಕಳೆದ ಭಾನುವಾರ ಅದರ ಬಾನೆಟ್ ತೆರೆದಿತ್ತು. ತರಕಾರಿಗೆಂದು ತಿಪ್ಪಸಂದ್ರದ ಕಡೆ ಹೊರಟವನು ಚೀಲ ಹಿಡಿದುಕೊಂಡೇ ಅಲ್ಲಿ ನಿಂತುಬಿಟ್ಟೆ.

ಯಜಮಾನರು ಎಚ್‌ಎಎಲ್‌ನಿಂದ ನಿವೃತ್ತರಾದವರು. ಕಾರು 1977ರದು, ಮಾರ್ಕ್ 3. ಆರ್‌ಸಿಯಲ್ಲಿ ಇಂಧನದ ಜಾಗದಲ್ಲಿ ಪೆಟ್ರೋಲ್ ಎಂದಿದೆ. ಬಾನೆಟ್ ಕೆಳಗಿರುವುದು ಡೀಸೆಲ್. ತೊಂಬತ್ತರ ದಶಕದಲ್ಲಿ ಡೀಸೆಲ್ ಅಗ್ಗವೆಂದು ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದ ಅಂಬಾಸಡರ್‌ಗಳಿಗೆ ಲೆಕ್ಕವಿಲ್ಲ. "ಆಗ ಎಲ್ಲರೂ ಮಾಡಿಸ್ತಿದ್ರು ಕಣ್ರೀ" ಎಂದರು, ಸ್ವಲ್ಪ ತಪ್ಪೊಪ್ಪಿಗೆಯ ದನಿಯಲ್ಲಿ. ಈಗ ಪೆಟ್ರೋಲ್ ಎಂಜಿನ್ನನ್ನು ವಾಪಸ್ ಕೂರಿಸುವ ಯೋಚನೆ. ಇನ್ನೇನು ಕಾರಿಗೆ ಐವತ್ತು ತುಂಬುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ ಐವತ್ತು ದಾಟಿದ ಗಾಡಿಗೆ 'ವಿಎ' ಎಂಬ ವಿಂಟೇಜ್ ನಂಬರ್ ಸಿಗುತ್ತದೆ. ಆದರೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು ಎಂಬ ಷರತ್ತಿದೆ. ಅದಿರಲಿ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರವೂ ಗಾಡಿ ಆರ್‌ಸಿಯಲ್ಲಿ ಬರೆದಂತೆ ಇರಬೇಕು.

ಮೆಕ್ಯಾನಿಕ್ ಹಲಸೂರಿನಿಂದ ಬಂದ ಹಿರಿಯರು. ಎಂಜಿನ್ ಬಿಟ್ಟು ಮಿಕ್ಕಿದ್ದೆಲ್ಲ ಒಂದೇ ತಾನೇ ಎಂದು ಕೇಳಿದೆ. ಅವರು ಕೈಯಲ್ಲಿದ್ದ ಬಟ್ಟೆಯಿಂದ ಬೆರಳು ಒರೆಸಿಕೊಂಡು, "ಕೂತ್ಕೊಳ್ಳುತ್ತೆ ಸಾರ್, ಸೆಟ್ ಆಗಲ್ಲ" ಎಂದರು. ಆಮೇಲಿನ ಒಂದು ಗಂಟೆ ಅವರು ತೋರಿಸಿದ್ದೆಲ್ಲ ಈ ಎರಡು ಮಾತಿನ ನಡುವಿನ ಅಂತರವನ್ನೇ.

ಮೋಸ ಶುರುವಾಗುವುದು ಅಂಕಿಯಿಂದ. ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್ ಅಂಬಾಸಡರ್‌ಗೆ ಬಂದಾಗ ಪೆಟ್ರೋಲಿನದು 1489 ಸಿಸಿ. 1980ರ ಸುಮಾರಿಗೆ ಡೀಸೆಲ್ ಅಂಬಾಸಡರ್ ಬಂದಾಗ ಅದೂ 1489 ಸಿಸಿಯೇ. ಸಿಲಿಂಡರಿನ ಅಗಲ 73 ಮಿಲಿಮೀಟರ್, ಪಿಸ್ಟನ್ ಓಡುವ ದೂರ ಸುಮಾರು 89. ಎರಡರಲ್ಲೂ ಅಷ್ಟೇ. ಹಾಗಾದರೆ ಪಿಸ್ಟನ್ ಅದಲು ಬದಲು ಮಾಡಬಹುದೇ? ಪೆಟ್ರೋಲ್ ಎಂಜಿನ್ ಗಾಳಿಯನ್ನು ಒತ್ತುವುದು ಏಳೆಂಟು ಪಟ್ಟು, ಡೀಸೆಲ್ ಇಪ್ಪತ್ತಕ್ಕೂ ಹೆಚ್ಚು. ಕಿಡಿಯಿಲ್ಲದೆ ಬರೀ ಒತ್ತಡದ ಬಿಸಿಗೇ ಎಣ್ಣೆ ಹೊತ್ತಿಕೊಳ್ಳಬೇಕಲ್ಲ. ಆ ಏಟು ತಡೆಯಲು ಪಿಸ್ಟನ್, ಹೆಡ್, ಗ್ಯಾಸ್ಕೆಟ್ ಎಲ್ಲವೂ ಬೇರೆ. ಅವಳಿ ಮಕ್ಕಳಂತೆ ಕಾಣುವ ಎರಡು ಎಂಜಿನ್‌ಗಳು, ಒಬ್ಬರ ಅಂಗಿ ಇನ್ನೊಬ್ಬರಿಗೆ ಆಗುವುದಿಲ್ಲ.

ಪ್ರೀಮಿಯರ್ ಪದ್ಮಿನಿಯಲ್ಲಿ ಈ ಗೊಂದಲವಿರಲಿಲ್ಲ. ಅದರ ಪೆಟ್ರೋಲ್ ಎಂಜಿನ್ 1089 ಸಿಸಿಯ ಫಿಯಟ್, ಕೊನೆಗಾಲದ ಡೀಸೆಲ್ ಎಂಜಿನ್ ಇಟಲಿಯ ಬೇರೊಂದು ಕಂಪನಿಯದು. ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲದ ಮೇಲೆ ಯಾರೂ ಏಮಾರುವುದಿಲ್ಲ. (ಪದ್ಮಿನಿ ತಯಾರಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದ ವಾಲ್‌ಚಂದ್ ಹೀರಾಚಂದರೇ 1940ರಲ್ಲಿ ಇಲ್ಲಿ ಎಚ್‌ಎಎಲ್‌ಗೂ ಬುನಾದಿ ಹಾಕಿದವರು. ಹಾಗಿದ್ದೂ ಎಚ್‌ಎಎಲ್ ನೌಕರರೊಬ್ಬರು ಬಿರ್ಲಾಗಳ ಅಂಬಾಸಡರ್ ಸಾಕಿಕೊಂಡಿದ್ದಾರಲ್ಲ ಎಂದೆ. ಯಜಮಾನರು ನಗಲಿಲ್ಲ.)

ಬಾಗಿಲು, ಗಾಜು, ಬಂಪರ್, ಹಿಂದಿನ ಪಟ್ಟಾ ಸ್ಪ್ರಿಂಗ್, ಸೀಟು ಯಾವ ಅಂಬಾಸಡರ್‌ನಿಂದ ತಂದರೂ ಹೆಚ್ಚು ಕಡಿಮೆ ನಡೆಯುತ್ತದೆ. ಮಾರ್ಕ್ ನಂಬರ್ ನೋಡಿಕೊಂಡರಾಯಿತು. ತಲೆನೋವು ಇರುವುದು ಎಂಜಿನ್ನಿಗೆ ಅಂಟಿಕೊಂಡ ಬಾಲಗಳಲ್ಲಿ.

ಮೆಕ್ಯಾನಿಕ್ ನನ್ನನ್ನು ಡಿಕ್ಕಿಯ ಕಡೆ ಕರೆದೊಯ್ದು ಟ್ಯಾಂಕಿನ ಮೇಲಿನ ಎರಡು ಪೈಪು ತೋರಿಸಿದರು. ಕಾರ್ಬುರೇಟರ್ ಗಾಡಿಗೆ ಒಂದೇ ಪೈಪು ಸಾಕು, ಪೆಟ್ರೋಲ್ ಹೋಗುತ್ತದೆ, ಉರಿಯುತ್ತದೆ. ಡೀಸೆಲ್‌ನಲ್ಲಿ ಪಂಪು ಬೇಕಾದ್ದಕ್ಕಿಂತ ಹೆಚ್ಚೇ ಎಳೆದುಕೊಂಡು, ನಾಝಲ್‌ಗಳು ಉಳಿಸಿದ್ದನ್ನು ವಾಪಸ್ ಟ್ಯಾಂಕಿಗೆ ಕಳಿಸಬೇಕು. ಅದಕ್ಕೇ ಡೀಸೆಲ್ ಕೂರಿಸುವಾಗ ಯಾರೋ ತೂತು ಕೊರೆದು ಎರಡನೆಯ ಪೈಪು ಬೆಸುಗೆ ಹಾಕಿದ್ದಾರೆ. ಪೆಟ್ರೋಲ್ ತುಂಬಿಸುವ ಮುನ್ನ ಇದನ್ನು ಮುಚ್ಚದಿದ್ದರೆ ಮೊದಲ ಹಂಪಿನಲ್ಲೇ ಡಿಕ್ಕಿಯೆಲ್ಲ ವಾಸನೆ. ಅಷ್ಟು ವರ್ಷದ ಡೀಸೆಲ್ ಜಿಡ್ಡನ್ನೂ ತೊಳೆಯಬೇಕು, ಇಲ್ಲವಾದರೆ ಕಾರ್ಬುರೇಟರ್ ಜೆಟ್ ಕಟ್ಟಿಕೊಳ್ಳುತ್ತದೆ.

ಬ್ರೇಕಿನದು ಇನ್ನೂ ಸೂಕ್ಷ್ಮ. ಪೆಟ್ರೋಲ್ ಎಂಜಿನ್ ಉಸಿರೆಳೆಯುವಾಗಲೇ ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಹುಟ್ಟುತ್ತದೆ. ಡೀಸೆಲ್‌ನಲ್ಲಿ ಗಾಳಿಗೆ ತಡೆಯಿಲ್ಲ, ಹಾಗಾಗಿ ಆಲ್ಟರ್ನೇಟರ್ ಬೆನ್ನಿಗೊಂದು ವ್ಯಾಕ್ಯೂಮ್ ಪಂಪು ಬೇಕು. ಡೀಸೆಲ್ ಗಾಡಿಗೆ ಆಲ್ಟರ್ನೇಟರ್ ಬದಲಿಸಿ ಪಂಪು ಮರೆತರೆ ಕರೆಂಟು ಬರುತ್ತದೆ, ಬ್ರೇಕಿಗೆ ಬೂಸ್ಟರ್ ಬಲ ಬರುವುದಿಲ್ಲ. ಕೂತ್ಕೊಂಡಿತು, ಸೆಟ್ ಆಗಲಿಲ್ಲ ಎಂದರೆ ಇದೇ.

ಇನ್ನು ಪೆಟ್ರೋಲ್ ಎಂಜಿನ್ ಹುಡುಕಬೇಕು. ಶಿವಾಜಿನಗರದ ಗುಜರಿಯಲ್ಲಿ ಕೇಳಿಟ್ಟಿದ್ದಾರೆ, ಚಿಲ್ಲರೆ ಸಾಮಾನಿಗೆ ಜೆ.ಸಿ. ರಸ್ತೆ. ಅಲ್ಲಿ ಅಂಬಾಸಡರ್ ಅಂದರೆ ಸಾಲದು, "ಬಿಎಂಸಿನಾ, ಇಸುಜುನಾ?" ಎಂಬ ಪ್ರಶ್ನೆ ಬರುತ್ತದಂತೆ. ತೊಂಬತ್ತರ ದಶಕದಲ್ಲಿ ಬಂದ 1817 ಸಿಸಿ ಇಸುಜು ಪೆಟ್ರೋಲ್ ಎಂಜಿನ್ನಿಗೆ ಐದು ಗೇರು, ಅದೂ ನೆಲದಲ್ಲಿ. ಓಡಿಸಲು ಸುಖ, ಸುಲಭಕ್ಕೆ ಸಿಗುತ್ತದೆ ಕೂಡ. ಆದರೆ ಸ್ಟಿಯರಿಂಗ್ ಪಕ್ಕದ ಹ್ಯಾಂಡ್ ಗೇರ್ ಹೋಗುತ್ತದೆ, ವಿಂಟೇಜ್ ಮಾತೂ ಹೋಗುತ್ತದೆ. ನಾನಾಗಿದ್ದರೆ ಇಸುಜು ಹಾಕಿಸಿ ನಂಬರ್ ಆಸೆ ಬಿಡುತ್ತಿದ್ದೆ. ಯಜಮಾನರು ಒಪ್ಪಲಿಲ್ಲ.

ಮೈಕೋ ಪ್ಲಗ್ ಮಾತ್ರ ತಾವೇ ತಂದಿಟ್ಟಿದ್ದಾರೆ, ಹಳೇ ಡಬ್ಬಿಯಲ್ಲಿ ನಾಲ್ಕು. ಆಡುಗೋಡಿಯ ಮೈಕೋ ಪೆಟ್ರೋಲಿಗೆ ಪ್ಲಗ್, ಡೀಸೆಲ್‌ಗೆ ಪಂಪು ಎರಡನ್ನೂ ಮಾಡಿತು. 2008ರಲ್ಲಿ ಅದು ಬಾಷ್ ಆದರೂ ಇವರ ಬಾಯಲ್ಲಿ ಮೈಕೋನೇ.

ಕೊನೆಗೆ ಎಂಜಿನ್ ಒಮ್ಮೆ ಶುರು ಮಾಡಿ ತೋರಿಸಿದರು. ಹೀಟರ್ ಬಿಸಿಯಾಗಲು ಕಾದು, ಚಾವಿ ತಿರುಗಿಸಿದಾಗ ಇಡೀ ಕಾರು ನಡುಗಿತು, ಮರದ ಮೇಲಿನ ಕಾಗೆ ಹಾರಿತು. ಚಾವಿ ಆಫ್ ಮಾಡಿದರೂ ಎಂಜಿನ್ ನಿಲ್ಲಲಿಲ್ಲ. ಕಿಡಿಯೇ ಇಲ್ಲದ ಎಂಜಿನ್ನಿಗೆ ಚಾವಿಯ ಹಂಗೇನು? ಯಜಮಾನರು ಡ್ಯಾಶ್‌ಬೋರ್ಡಿನ ಕಪ್ಪು ಗುಂಡಿ ಎಳೆದರು. ಅದರ ತಂತಿ ಪಂಪಿಗೆ ಹೋಗಿ ಎಣ್ಣೆ ನಿಲ್ಲಿಸಿತು.

"ಇದನ್ನೂ ಕಿತ್ತು ತೂತು ಮುಚ್ಚೋದಾ?" ಎಂದು ಕೇಳಿದೆ.

ಮೆಕ್ಯಾನಿಕ್ ನಕ್ಕರು. "ಇದು ಅವಾಗಿನ ಚೋಕ್ ವೈರೇ ಸಾರ್. ಆ ಕಡೆ ತುದಿ ಬಿಚ್ಚಿ ಕಾರ್ಬುರೇಟರ್‌ಗೆ ಕಟ್ಟಿದ್ರೆ ಆಯ್ತು."